ಮೊದಲ ಹೆರಿಗೆ, ಅದೂ ನಾರ್ಮಲ್: ಎಲ್ಲರೂ ನನ್ನನ್ನು ಕೇಳುವ ಪ್ರಶ್ನೆಗಳು

ನನ್ನ ಮಗಳಿಗೆ ಈಗ ಒಂದೂವರೆ ವರ್ಷ. ಅವಳು ಹುಟ್ಟಿದ್ದು ಹಾಸನದಲ್ಲಿ, ಜುಲೈ ತಿಂಗಳ ಜಡಿಮಳೆಯಲ್ಲಿ. ನಾರ್ಮಲ್ ಹೆರಿಗೆ. ಅವತ್ತಿನಿಂದ ನೆಂಟರ ಪೈಕಿ, ಜೊತೆಗೆ ಓದಿದವರ ಪೈಕಿ ಯಾರೇ ಬಸುರಿಯಾದರೂ ನನಗೊಂದು ಫೋನ್ ಬರುತ್ತದೆ. ಪ್ರಶ್ನೆಗಳು ಹೆಚ್ಚು ಕಡಿಮೆ ಅವೇ. ನಾನು ಡಾಕ್ಟರಲ್ಲ, ಶಾಲೆಯಲ್ಲಿ ಪಾಠ ಹೇಳುವವಳು. ನನಗೆ ಆದದ್ದನ್ನೂ, ಆಮೇಲೆ ನನ್ನ ಡಾಕ್ಟರ ಮುಂದೆ ಕೂತು ಒಂದೊಂದಾಗಿ ಕೇಳಿ ತಿಳಿದುಕೊಂಡದ್ದನ್ನೂ ಸೇರಿಸಿ ಇಲ್ಲಿ ಬರೆದಿದ್ದೇನೆ. ನಿಮ್ಮ ಮೈ ಬೇರೆ, ನಿಮ್ಮ ಮಗುವಿನ ಸ್ಥಿತಿ ಬೇರೆ. ಹಾಗಾಗಿ ನಿಮ್ಮನ್ನು ನೋಡುತ್ತಿರುವ ಡಾಕ್ಟರ ಮಾತನ್ನೇ ಮೊದಲು ಕೇಳಿ.

ನೋವು ನಿಜವಾಗ್ಲೂ ಅಷ್ಟೊಂದು ಇರುತ್ತಾ?

ಇರುತ್ತದೆ. ಸುಳ್ಳು ಹೇಳಿ ಸಮಾಧಾನ ಮಾಡಲು ನನಗೆ ಇಷ್ಟವಿಲ್ಲ.

ಆದರೆ ನಾನು ಹೆದರಿಕೊಂಡಿದ್ದ ಥರ ಇರಲಿಲ್ಲ. ಹಲ್ಲುನೋವಿನ ಹಾಗೆ ಒಂದೇ ಸಮನೆ ಹಿಂಡುತ್ತದೆ ಅಂದುಕೊಂಡಿದ್ದೆ. ಹೆರಿಗೆ ನೋವು ಬರುತ್ತದೆ, ಏರುತ್ತದೆ, ಇಳಿಯುತ್ತದೆ, ಬಿಡುತ್ತದೆ. ನಡುವೆ ಬಿಡುವು ಸಿಗುತ್ತದೆ. ನನಗೆ ಸೊಂಟದ ಹಿಂದೆ ಶುರುವಾಗಿ ಹೊಟ್ಟೆಯ ಮುಂದಕ್ಕೆ ಸುತ್ತಿಕೊಂಡು ಬರುತ್ತಿತ್ತು, ಆಗ ಹೊಟ್ಟೆ ಮುಟ್ಟಿದರೆ ಕಲ್ಲಿನ ಹಾಗೆ ಗಟ್ಟಿ. ಬಿಟ್ಟ ಮೇಲೆ ಮತ್ತೆ ಮೆತ್ತಗೆ. ಆ ಬಿಡುವಿನಲ್ಲಿ ನಾನು ನೀರು ಕುಡಿದಿದ್ದೇನೆ, ಮಾತಾಡಿದ್ದೇನೆ, ಎರಡು ನಿಮಿಷ ತೂಕಡಿಸಿಯೂ ಇದ್ದೇನೆ.

ನೋವಿಗಿಂತ ನನ್ನನ್ನು ಜಾಸ್ತಿ ಕಾಡಿದ್ದು ಏನಾಗುತ್ತಿದೆ ಅಂತ ಗೊತ್ತಿಲ್ಲದೇ ಇದ್ದದ್ದು. "ಇನ್ನೂ ಎಷ್ಟು ಹೊತ್ತು, ಇದು ಸರಿಯಾಗಿ ನಡೀತಿದೆಯಾ" ಅಂತ ಕೇಳಿದಾಗ ಯಾರಾದರೂ ಉತ್ತರ ಕೊಟ್ಟರೆ ಅದೇ ನೋವು ತಡೆಯುವ ಹಾಗಾಗುತ್ತಿತ್ತು. ಉತ್ತರ ಸಿಗದಾಗ ಕೈಕಾಲು ನಡುಗುತ್ತಿತ್ತು. ಈ ಪುಟ ಬರೆಯೋಕೆ ಅದೇ ಕಾರಣ.

ನೋವು ಕಡಿಮೆ ಮಾಡೋಕೆ ಎಪಿಡ್ಯೂರಲ್ ಅಂತ ಬೆನ್ನಿಗೆ ಕೊಡುವ ಔಷಧಿ ಇದೆ. ಎಲ್ಲ ಆಸ್ಪತ್ರೆಯಲ್ಲೂ ಇರುವುದಿಲ್ಲ, ಮೊದಲೇ ಕೇಳಿಟ್ಟುಕೊಳ್ಳಿ. ಅದನ್ನು ತಗೊಂಡರೆ ಹೆರಿಗೆ ನಾರ್ಮಲ್ ಅಲ್ಲ ಅಂತ ಯಾರಾದರೂ ಅಂದರೆ ಕಿವಿಗೆ ಹಾಕಿಕೊಳ್ಳಬೇಡಿ.

ಸುಳ್ಳು ನೋವು ಯಾವುದು, ನಿಜವಾದ ನೋವು ಯಾವುದು, ಹೇಗೆ ಗೊತ್ತಾಗುತ್ತೆ?

ನಮ್ಮ ಕಡೆ ಹಿರಿಯರ ಪರೀಕ್ಷೆ ಜೀರಿಗೆ ಕಷಾಯ. ಕುಡಿದು ಮಲಗು, ಸುಳ್ಳು ನೋವಾದರೆ ನಿಲ್ಲುತ್ತದೆ, ನಿಜವಾದರೆ ಜಾಸ್ತಿಯಾಗುತ್ತದೆ ಅಂತ. ನಾನು ಇದನ್ನು ಡಾಕ್ಟರಿಗೆ ಹೇಳಿದಾಗ ಅವರು ಬೈಯಲಿಲ್ಲ. ಬಿಸಿಯಾಗಿ ಏನಾದರೂ ಕುಡಿದು, ಸ್ವಲ್ಪ ಓಡಾಡಿ ಅಥವಾ ಮಲಗಿ ನೋಡಿದಾಗ ನಿಂತುಹೋದರೆ ಅದು ಸುಳ್ಳು ನೋವು ಇರಬಹುದು ಅಂದರು. ಜೀರಿಗೆಯಿಂದಲೇ ನಿಲ್ಲುತ್ತದೆ ಅಂತಲ್ಲ, ಸುಳ್ಳು ನೋವು ತಾನಾಗಿಯೇ ನಿಲ್ಲುತ್ತದೆ. ನಿಜವಾದ ನೋವು ಏನು ಮಾಡಿದರೂ ನಿಲ್ಲುವುದಿಲ್ಲ. ಹತ್ತಿರ ಹತ್ತಿರ ಬರುತ್ತಾ, ಪ್ರತಿ ಸಲ ಸ್ವಲ್ಪ ಉದ್ದವಾಗುತ್ತಾ, ಜೋರಾಗುತ್ತಾ ಹೋಗುತ್ತದೆ.

ನನಗೆ ರಾತ್ರಿ 11ಕ್ಕೆ ಶುರುವಾಯಿತು. ಚಿಕ್ಕಮ್ಮ ಕಷಾಯ ಕೊಟ್ಟರು. ನಿಲ್ಲಲಿಲ್ಲ. ಹಳೇ ಕ್ಯಾಲೆಂಡರಿನ ಹಿಂಭಾಗದಲ್ಲಿ ನನ್ನ ಗಂಡ ಪ್ರತಿ ನೋವಿನ ಟೈಮ್ ಬರೆಯುತ್ತಾ ಕೂತರು. ಬೆಳಗಿನ ಜಾವ 4ಕ್ಕೆ ಎಂಟು ನಿಮಿಷಕ್ಕೊಮ್ಮೆ, 7ಕ್ಕೆ ಐದು ನಿಮಿಷಕ್ಕೊಮ್ಮೆ. ಆ ಹಾಳೆ ಈಗಲೂ ನನ್ನ ತಾಯಿ ಕಾರ್ಡಿನ (ಬಸುರಿಯ ತಪಾಸಣೆಗಳನ್ನು ಬರೆದಿಡುವ ಕಾರ್ಡು) ಜೊತೆ ಇದೆ.

ಡೇಟ್ ದಾಟಿದರೆ ಏನು ಮಾಡಬೇಕು?

ಡಾಕ್ಟರು ಕೊಡುವ ಡೇಟ್ ಅಂದರೆ ಕೊನೆಯ ಮುಟ್ಟಿನ ಮೊದಲ ದಿನದಿಂದ 280 ದಿನ, ಅಂದರೆ 40 ವಾರ. ಸರಿಯಾಗಿ ಅದೇ ದಿನ ಹೆರುವವರು ಬಹಳ ಕಡಿಮೆ. 37 ವಾರ ತುಂಬಿದ ಮೇಲೆ ಹುಟ್ಟುವ ಮಗುವನ್ನು ದಿನ ತುಂಬಿದ ಮಗು ಅಂತಲೇ ಲೆಕ್ಕ ಹಾಕುತ್ತಾರೆ. ನನಗೆ ನಾಲ್ಕು ದಿನ ದಾಟಿತ್ತು, ದಿನಾ ಹತ್ತು ಜನ ಫೋನ್ ಮಾಡಿ "ಇನ್ನೂ ಆಗಿಲ್ವಾ" ಅಂತ ಕೇಳಿ ಕೇಳಿ ನನಗೆ ಅಳು ಬಂದಿತ್ತು. ದಯವಿಟ್ಟು ಬಸುರಿಯರಿಗೆ ಹೀಗೆ ಫೋನ್ ಮಾಡಬೇಡಿ. ಡೇಟ್ ದಾಟಿದರೆ ಡಾಕ್ಟರು ಕರೆದ ದಿನ ತಪ್ಪದೇ ಹೋಗಿ ಮಗುವಿನ ಎದೆಬಡಿತ, ಹೊಟ್ಟೆಯೊಳಗೆ ಮಗುವಿನ ಸುತ್ತ ಇರುವ ನೀರಿನ ಪ್ರಮಾಣ ನೋಡಿಸಿಕೊಳ್ಳಿ. ಮನೆಯಲ್ಲೇ ಕಾಯುತ್ತಾ ಕೂರುವುದು ಬೇಡ.

ಆಸ್ಪತ್ರೆಗೆ ಯಾವಾಗ ಹೊರಡಬೇಕು?

ನನಗೆ ಹೇಳಿದ್ದು ಹೀಗೆ. ಐದು ನಿಮಿಷಕ್ಕೊಮ್ಮೆ ನೋವು, ಪ್ರತಿ ನೋವು ಸುಮಾರು ಒಂದು ನಿಮಿಷ, ಹೀಗೆ ಒಂದು ಗಂಟೆ ನಡೆದರೆ ಹೊರಡಿ. ಇದು ಆಸ್ಪತ್ರೆ ಹತ್ತಿರ ಇರುವವರ ಲೆಕ್ಕ. ದೂರ ಇರುವವರು ಇಷ್ಟು ಕಾಯಬಾರದು.

ಕೆಲವಕ್ಕೆ ಲೆಕ್ಕವೇ ಬೇಡ, ತಕ್ಷಣ ಹೊರಡಬೇಕು. ನೀರು ಹೋದರೆ, ನೋವಿಲ್ಲದಿದ್ದರೂ ಸರಿ. ಆ ನೀರು ಹಸಿರಾಗಿಯೋ ಕಂದಾಗಿಯೋ ಇದ್ದರಂತೂ ಒಂದು ನಿಮಿಷವೂ ತಡ ಬೇಡ. ರಕ್ತ ಹೋದರೆ (ಲೋಳೆಯ ಜೊತೆ ಸ್ವಲ್ಪ ರಕ್ತದ ಗುರುತು ಬೇರೆ, ಅದು ಹೆರಿಗೆ ಹತ್ತಿರ ಬಂದಿದೆ ಅಂತ ಅರ್ಥ). ಮಗು ಒದೆಯುವುದು ಕಡಿಮೆಯಾಗಿದೆ ಅನಿಸಿದರೆ. ತಲೆ ಸಿಡಿಯುವಷ್ಟು ನೋವು, ಕಣ್ಣು ಮಂಜು, ಮುಖ ಕೈ ಊತ ಬಂದರೆ, ಅದು ಬಿಪಿ ಏರಿದ್ದರಿಂದ ಇರಬಹುದು. ಚಳಿ ಜ್ವರ ಬಂದರೆ. "ರಾತ್ರಿ ಹೊತ್ತು ಯಾಕೆ ಎಲ್ಲರಿಗೂ ತೊಂದರೆ, ಬೆಳಿಗ್ಗೆ ನೋಡೋಣ" ಅನ್ನುವ ಸಂಕೋಚ ನಮ್ಮ ಹೆಣ್ಣುಮಕ್ಕಳಿಗೆ ಜಾಸ್ತಿ. ಈ ವಿಷಯದಲ್ಲಿ ಅದನ್ನು ಬಿಡಿ.

ನಮ್ಮ ತವರು ಸಕಲೇಶಪುರದ ಒಳಗೆ, ಮೂಡಿಗೆರೆ ಕಡೆ. ಮಳೆಗಾಲದಲ್ಲಿ ಹೆರಿಗೆ ಇದೆ. ಏನು ಮಾಡೋದು?

ನನ್ನ ತವರೂ ಹಾನುಬಾಳು ಕಡೆ. ಪುನರ್ವಸು ಮಳೆ ಹಿಡಿದರೆ ಕರೆಂಟ್ ಇಲ್ಲ, ನೆಟ್‌ವರ್ಕ್ ಇಲ್ಲ, ರಸ್ತೆಗೆ ಮರ ಬಿದ್ದರೆ ಎತ್ತುವವರು ಬರಬೇಕು. ಸಕಲೇಶಪುರದಿಂದ ಹಾಸನಕ್ಕೇ ಸುಮಾರು 40 ಕಿಲೋಮೀಟರ್, ಅದಕ್ಕೆ ಮೊದಲು ತೋಟದ ಮನೆಯಿಂದ ಸಕಲೇಶಪುರಕ್ಕೆ ಬರುವುದೇ ಒಂದು ಪ್ರಯಾಣ. ಮೊದಲ ಹೆರಿಗೆ ತವರಿನಲ್ಲೇ ಆಗಬೇಕು ಅಂತ ಅಮ್ಮನ ಆಸೆ. ನನಗೂ ಅದೇ ಆಸೆ. ಆದರೆ ಡೇಟಿಗೆ ಹತ್ತು ದಿನ ಮುಂಚೆಯೇ ನಾವಿಬ್ಬರೂ ಹಾಸನದ ಚಿಕ್ಕಮ್ಮನ ಮನೆಗೆ ಬಂದುಬಿಟ್ಟೆವು, ಬಾಣಂತನಕ್ಕೆ ವಾಪಸ್ ತವರಿಗೆ ಹೋದೆವು. ನನಗೆ ನೋವು ಶುರುವಾದ ರಾತ್ರಿ ನಮ್ಮೂರಿನ ದಾರಿಯಲ್ಲಿ ಮರ ಬಿದ್ದಿತ್ತು ಅಂತ ಅಪ್ಪ ಎರಡು ದಿನ ಬಿಟ್ಟು ಹೇಳಿದರು.

ಪೇಟೆಯಲ್ಲಿ ನೆಂಟರಿಲ್ಲದಿದ್ದರೆ ಆಶಾ ಕಾರ್ಯಕರ್ತೆಗೆ ಮೊದಲೇ ಡೇಟ್ ಹೇಳಿಡಿ. 108 ಆಂಬುಲೆನ್ಸ್ ಇದೆ, ದುಡ್ಡು ಕೊಡಬೇಕಿಲ್ಲ. ಅದು ಬರುವುದು ತಡವಾದರೆ ಅಂತ ಪಕ್ಕದ ಮನೆಯವರ ಜೀಪೋ ಆಟೋವೋ ಒಂದನ್ನು ಹೇಳಿಟ್ಟುಕೊಳ್ಳಿ. ಫೋನ್ ಸಿಗ್ನಲ್ ಸಿಗುವ ಜಾಗ ಯಾವುದು ಅಂತ ಮನೆಯಲ್ಲಿ ಎಲ್ಲರಿಗೂ ಗೊತ್ತಿರಲಿ. ನಮ್ಮ ಮನೆಯಲ್ಲಿ ಅದು ಕಾಫಿ ಕಣದ ಮೂಲೆ.

ಸರ್ಕಾರಿ ಆಸ್ಪತ್ರೆನಾ, ಪ್ರೈವೇಟಾ?

ನನ್ನದು ಪ್ರೈವೇಟ್. ನನ್ನ ನಾದಿನಿಯದು ಸರ್ಕಾರಿ. ಇಬ್ಬರ ಮಕ್ಕಳೂ ಚೆನ್ನಾಗಿದ್ದಾರೆ. ಯಾವುದೇ ಆದರೂ ಮೂರು ಪ್ರಶ್ನೆ ಕೇಳಿ: ರಾತ್ರಿ ಹೊತ್ತು ಹೆರಿಗೆ ಡಾಕ್ಟರು ಇರುತ್ತಾರಾ, ತುರ್ತು ಬಂದರೆ ಅಲ್ಲೇ ಸಿಸೇರಿಯನ್ ಮಾಡುತ್ತಾರಾ, ರಕ್ತ ಬೇಕಾದರೆ ಎಲ್ಲಿಂದ ತರಿಸುತ್ತಾರೆ.

ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆಗೆ ದುಡ್ಡು ಕೊಡಬೇಕಾಗಿಲ್ಲ. 2011ರಿಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮ ಇದೆ. ನಾರ್ಮಲ್ ಆಗಲಿ, ಸಿಸೇರಿಯನ್ ಆಗಲಿ, ಔಷಧಿ, ಪರೀಕ್ಷೆ, ರಕ್ತ, ಊಟ ಎಲ್ಲ ಉಚಿತ. ತಾಯಿ ಮಗುವನ್ನು ಮನೆಗೆ ಬಿಡೋಕೆ ನಗು ಮಗು ಅನ್ನುವ ವಾಹನವೂ ಇದೆ. ಪ್ರತಿ ತಿಂಗಳ 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ವಿಶೇಷ ತಪಾಸಣೆ ಇರುತ್ತದೆ. ಮೊದಲ ಮಗುವಿಗೆ ಮಾತೃ ವಂದನಾ ಯೋಜನೆಯಲ್ಲಿ 5,000 ರೂಪಾಯಿ ಬರುತ್ತದೆ, ನಿಮಗೆ ಅನ್ವಯಿಸುತ್ತದಾ ಅಂತ ಅಂಗನವಾಡಿಯಲ್ಲಿ ವಿಚಾರಿಸಿ. ತಾಯಿ ಕಾರ್ಡ್ ಮಾತ್ರ ಬಸುರಿ ಅಂತ ಗೊತ್ತಾದ ಕೂಡಲೇ ಮಾಡಿಸಿಕೊಳ್ಳಿ, ಪ್ರೈವೇಟಿಗೆ ಹೋಗುವವರೂ ಸಹ.

ಲೇಬರ್ ವಾರ್ಡಿನಲ್ಲಿ ಏನೇನು ಮಾಡ್ತಾರೆ?

ಬಿಪಿ, ಮಗುವಿನ ಎದೆಬಡಿತ ನೋಡುತ್ತಾರೆ. ಒಳಗೆ ಕೈ ಹಾಕಿ ಗರ್ಭಕೋಶದ ಬಾಯಿ ಎಷ್ಟು ತೆರೆದಿದೆ ಅಂತ ನೋಡುತ್ತಾರೆ. ಸಿಸ್ಟರುಗಳು "ಎರಡು ಬೆರಳು ಬಿಟ್ಟಿದೆ", "ಮೂರು ಬೆರಳು" ಅಂತಾರಲ್ಲ, ಅದು ಇದೇ. ಪೂರ್ತಿ ಅಂದರೆ 10 ಸೆಂಟಿಮೀಟರ್. ಈ ಪರೀಕ್ಷೆ ಹಿತವಾಗಿ ಇರುವುದಿಲ್ಲ. ಮೈ ಬಿಗಿ ಹಿಡಿದರೆ ಇನ್ನೂ ಕಷ್ಟ, ಬಾಯಿಂದ ನಿಧಾನ ಉಸಿರು ಬಿಟ್ಟರೆ ಸ್ವಲ್ಪ ಸುಲಭ.

ನಾನು ಏಳೂವರೆಗೆ ಹೋದಾಗ 3 ಸೆಂಟಿಮೀಟರ್. ರಾತ್ರಿಯೆಲ್ಲ ನೋವು ತಿಂದು ಬರೀ ಮೂರಾ ಅಂತ ಎದೆ ಒಡೆದುಹೋಯಿತು. ಆಗ ಯಾರೂ ನನಗೆ ಹೇಳಲಿಲ್ಲ, ಆದ್ದರಿಂದ ನಿಮಗೆ ಹೇಳುತ್ತೇನೆ: ಚೊಚ್ಚಲ ಹೆರಿಗೆಯಲ್ಲಿ ಶುರುವಿನ ಭಾಗವೇ ನಿಧಾನ, ಅದಕ್ಕೆ ಇಷ್ಟೇ ಗಂಟೆ ಅಂತ ಲೆಕ್ಕವಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೇಳಿದ ಪ್ರಕಾರ ಜೋರು ಹಂತ ಶುರುವಾಗುವುದೇ 5 ಸೆಂಟಿಮೀಟರಿನಿಂದ, ಮೊದಲ ಮಗುವಿಗೆ ಅಲ್ಲಿಂದ ಮುಂದೆ 12 ಗಂಟೆವರೆಗೂ ಹಿಡಿಯಬಹುದು. ಗಂಟೆಗೊಂದು ಸೆಂಟಿಮೀಟರ್ ಆಗಲೇಬೇಕು ಅಂತಿಲ್ಲ. ನನಗೆ ಮಧ್ಯಾಹ್ನ 12ಕ್ಕೆ 6, ಮೂರು ಗಂಟೆಗೆ ಪೂರ್ತಿ. ಮಗು ಹುಟ್ಟಿದ್ದು 4 ಗಂಟೆ 10 ನಿಮಿಷಕ್ಕೆ.

ಮಲಗಿಕೊಂಡೇ ಇರಬೇಕಾಗಿಲ್ಲ. ಡಾಕ್ಟರು ಬೇಡ ಅನ್ನದಿದ್ದರೆ ಓಡಾಡಿ, ಕಿಟಕಿ ಹಿಡಿದು ನಿಲ್ಲಿ, ಎಡಮಗ್ಗುಲಾಗಿ ಮಲಗಿ. ನೀರು, ಎಳನೀರು ಕುಡಿಯಬಹುದಾ ಅಂತ ಕೇಳಿ, ಸುಮ್ನೆ ಬಾಯಿ ಒಣಗಿಸಿಕೊಂಡು ಇರಬೇಡಿ. ಗಂಟೆಗೊಮ್ಮೆ ಮೂತ್ರಕ್ಕೆ ಹೋಗಿ.

ಜೊತೆಗೆ ಯಾರಾದರೂ ಇರಬಹುದಾ?

ಇರಬಹುದು, ಇರಬೇಕು. ಸರ್ಕಾರಿ ಆಸ್ಪತ್ರೆಗಳಲ್ಲೂ ಹೆರುವ ಹೆಂಗಸಿನ ಜೊತೆ ಅವಳಿಗೆ ಬೇಕಾದವರು ಒಬ್ಬರು ಇರಲು ಕೇಂದ್ರ ಸರ್ಕಾರ 2016ರಲ್ಲೇ ಒಪ್ಪಿದೆ. ತಾನೂ ಹೆತ್ತಿರುವ ಹೆಂಗಸಾದರೆ ಒಳ್ಳೆಯದು ಅನ್ನುತ್ತಾರೆ. ಮರೆ ಇರುವ ಕಡೆ ಗಂಡನನ್ನೂ ಬಿಡುತ್ತಾರೆ. ಎಲ್ಲ ಕಡೆ ಇದು ನಡೆಯುತ್ತಿಲ್ಲ ಅನ್ನುವುದೂ ನಿಜ. ಅದಕ್ಕೇ ಏಳನೇ ತಿಂಗಳಲ್ಲೇ ಕೇಳಿ.

ನನ್ನ ಜೊತೆ ಚಿಕ್ಕಮ್ಮ ಇದ್ದರು. ಅಮ್ಮ ನನ್ನ ನೋವು ನೋಡಲಾಗದೆ ಅಳುತ್ತಿದ್ದರು, ಅವರೇ "ನೀನು ಒಳಗೆ ಹೋಗು" ಅಂತ ತಂಗಿಯನ್ನು ಕಳಿಸಿದರು. ಚಿಕ್ಕಮ್ಮ ಒಳಗೆ ಬಂದವರು ಮೊದಲು ಮಾಡಿದ ಕೆಲಸ ಎರಡೂ ಕೈಯಿನ ಗಾಜಿನ ಬಳೆ ಬಿಚ್ಚಿ ಕರ್ಚೀಫಿನಲ್ಲಿ ಸುತ್ತಿ ಬ್ಯಾಗಿಗೆ ಹಾಕಿದ್ದು. "ನೀನು ಹಿಡ್ಕೊಂಡಾಗ ಒಡೆದು ಚುಚ್ಚಬಾರದು ಕಣೆ" ಅಂದರು. ಆಮೇಲೆ ಪ್ರತಿ ನೋವಿಗೂ ಅಂಗೈಯ ಬುಡದಿಂದ ನನ್ನ ಸೊಂಟದ ಕೆಳಗೆ ಗಟ್ಟಿಯಾಗಿ ಒತ್ತಿ ಹಿಡಿಯುತ್ತಿದ್ದರು. ಒತ್ತಿದಾಗ ಅರ್ಧ ನೋವು ಹೋದ ಹಾಗಾಗುತ್ತಿತ್ತು. ಏಳೆಂಟು ಗಂಟೆ ಒತ್ತಿದ್ದಾರೆ. ಮಾರನೇ ದಿನ ಅವರ ಮಣಿಕಟ್ಟು ಊದಿಕೊಂಡಿತ್ತು.

ಅಲ್ಲಿ ಬೈತಾರಂತೆ, ಹೌದಾ?

ನನಗೆ ಒಬ್ಬರು ಬೈದರು. ನೋವಿಗೆ ಕೂಗಿದ್ದಕ್ಕೆ, ಬರೆಯೋಕೂ ಮನಸ್ಸಾಗದ ಒಂದು ಮಾತು ಅಂದರು. ಒಂದೂವರೆ ವರ್ಷವಾದರೂ ಅದು ಮರೆತಿಲ್ಲ. ಚಿಕ್ಕಮ್ಮ ಜಗಳ ಮಾಡಲಿಲ್ಲ, "ಅಮ್ಮಾ, ಅವಳಿಗಿದು ಚೊಚ್ಚಲು, ಏನು ಮಾಡಬೇಕು ಅಂತ ಹೇಳಿಕೊಡಿ, ಮಾಡ್ತಾಳೆ" ಅಂತ ಮೆಲ್ಲಗೆ ಹೇಳಿದರು. ಆಮೇಲೆ ಡ್ಯೂಟಿಗೆ ಬಂದ ಸಿಸ್ಟರ್ ಬೇರೆಯೇ ಥರ. ನನ್ನ ಹಣೆ ಒರೆಸಿ "ತಲೆ ಚೆನ್ನಾಗಿ ಇಳಿದಿದೆ, ಸರಿಯಾಗಿ ನಡೀತಿದೆ" ಅಂದರು. ಕೂಗುವುದು ತಪ್ಪಲ್ಲ. ಬೈಸಿಕೊಳ್ಳುವುದು ಹೆರಿಗೆಯ ಒಂದು ಭಾಗ ಅಂತ ಒಪ್ಪಿಕೊಳ್ಳಬೇಡಿ. ಸುಧಾರಿಸಿಕೊಂಡ ಮೇಲೆ ಡಾಕ್ಟರಿಗೆ ಹೇಳಿ, ನಾನೂ ಹೇಳಿದೆ.

ಮುಕ್ಕೋದು ಹೇಗೆ? ಮಗು ಬರುವಾಗ ಏನನಿಸುತ್ತೆ?

ಗರ್ಭಕೋಶದ ಬಾಯಿ ಪೂರ್ತಿ ತೆರೆಯುವ ತನಕ ಮುಕ್ಕಬಾರದು, ಸುಸ್ತಾಗುತ್ತದೆ ಅಷ್ಟೇ. ತೆರೆದ ಮೇಲೆ ಯಾರೂ ಹೇಳಿಕೊಡಬೇಕಾಗಿಲ್ಲ, ಸಂಡಾಸಿಗೆ ಜೋರಾಗಿ ಬಂದ ಹಾಗೆ ಮೈಯೇ ಮುಕ್ಕುತ್ತದೆ. ನೋವು ಬಂದಾಗ ಗದ್ದವನ್ನು ಎದೆಗೆ ತಂದು ಕೆಳಗಡೆ ಬಲ ಬಿಡಬೇಕು, ನೋವು ಬಿಟ್ಟಾಗ ಪೂರ್ತಿ ಸಡಿಲ. ಕುತ್ತಿಗೆಗೆ, ಮುಖಕ್ಕೆ ಬಲ ಕೊಟ್ಟರೆ ಪ್ರಯೋಜನವಿಲ್ಲ. ತಲೆ ಬರುವಾಗ ಕೆಳಗೆ ಬೆಂಕಿ ಹತ್ತಿದಂಥ ಉರಿ. ಆಗ ಸಿಸ್ಟರ್ "ಈಗ ಮುಕ್ಕಬೇಡ, ಊದು ಊದು" ಅಂದರು. ಒಲೆ ಊದಿದ ಹಾಗೆ ಊದಿದೆ. ತಲೆ ಬಂತು. ಅದರ ಹಿಂದೆಯೇ ಮೈ ಜಾರಿ ಬಂತು. ಅಷ್ಟು ಹೊತ್ತಿನ ನೋವು ಆ ಕ್ಷಣಕ್ಕೆ ನಿಂತುಹೋಯಿತು.

ಒರೆಸಿ ನೇರ ನನ್ನ ಎದೆಯ ಮೇಲೆ ಹಾಕಿದರು. ಬಿಸಿಯಾಗಿತ್ತು. ಅಷ್ಟು ಬಿಸಿ ಇರುತ್ತದೆ ಅಂತ ನನಗೆ ಗೊತ್ತೇ ಇರಲಿಲ್ಲ. ಬೆನ್ನಿನ ಮೇಲೆ ಬಿಳಿ ಬೆಣ್ಣೆ ಮೆತ್ತಿದ ಹಾಗಿತ್ತು, ಕಿವಿಯ ಅಂಚಿನಲ್ಲಿ ಸಣ್ಣ ಸಣ್ಣ ಕೂದಲು.

ಹೊಕ್ಕುಳ ಬಳ್ಳಿಯನ್ನು ಕೂಡಲೇ ಕತ್ತರಿಸದೆ ಒಂದು ನಿಮಿಷವಾದರೂ ಕಾಯಬೇಕು, ಮಗುವಿಗೆ ಇನ್ನಷ್ಟು ರಕ್ತ ಸೇರುತ್ತದೆ ಅನ್ನುತ್ತಾರೆ. ಇದನ್ನೂ ಮೊದಲೇ ಕೇಳಿಕೊಳ್ಳಿ. ಆಮೇಲೆ ತೊಡೆಗೆ ಒಂದು ಇಂಜೆಕ್ಷನ್ ಕೊಡುತ್ತಾರೆ, ರಕ್ತ ಜಾಸ್ತಿ ಹೋಗದಿರಲಿ ಅಂತ. ಸ್ವಲ್ಪ ಹೊತ್ತಿಗೆ ಮಾಸು ಬೀಳುತ್ತದೆ. ನನಗೆ ಅದು ಗೊತ್ತೂ ಆಗಲಿಲ್ಲ.

ಕೆಳಗೆ ಕುಯ್ದು ಹೊಲಿಗೆ ಹಾಕಲೇಬೇಕಾ?

ಎಲ್ಲರಿಗೂ ಬೇಕಿಲ್ಲ. ಎಲ್ಲರಿಗೂ ಕುಯ್ಯುವುದು ಸರಿಯಲ್ಲ ಅಂತಲೇ ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ. ನನಗೆ ಕುಯ್ಯಲಿಲ್ಲ, ಸ್ವಲ್ಪ ಹರಿದಿತ್ತು, ಮರಗಟ್ಟುವ ಇಂಜೆಕ್ಷನ್ ಕೊಟ್ಟು ನಾಲ್ಕು ಹೊಲಿಗೆ ಹಾಕಿದರು. ಕೂರುವುದು ಹತ್ತು ದಿನ ಕಷ್ಟವಾಯಿತು. ಆ ಜಾಗ ಒಣಗಿರಬೇಕು, ಪ್ಯಾಡ್ ನಾಲ್ಕು ಗಂಟೆಗೊಮ್ಮೆ ಬದಲಿಸಬೇಕು, ಮಲಬದ್ಧತೆ ಆಗದ ಹಾಗೆ ನೀರು, ಸೊಪ್ಪು ಚೆನ್ನಾಗಿ ತಗೋಬೇಕು.

ಸ್ಕ್ಯಾನಿಂಗಿನಲ್ಲಿ ಕತ್ತಿಗೆ ಕರುಳು ಸುತ್ತಿದೆ ಅಂದ್ರು. ನಾರ್ಮಲ್ ಆಗಲ್ವಾ?

ಕರುಳು ಅಂದರೆ ಇಲ್ಲಿ ಹೊಕ್ಕುಳ ಬಳ್ಳಿ. ಇದು ಬಹಳ ಮಕ್ಕಳಲ್ಲಿ ಇರುತ್ತದೆ, ಬರೀ ಇದಕ್ಕೇ ಸಿಸೇರಿಯನ್ ಮಾಡಬೇಕಿಲ್ಲ ಅಂತ ನನ್ನ ಡಾಕ್ಟರು ಹೇಳಿದರು. ನನ್ನ ಮಗಳಿಗೂ ಒಂದು ಸುತ್ತು ಇತ್ತು. ತಲೆ ಬಂದ ಕೂಡಲೇ ಬೆರಳಲ್ಲಿ ಎತ್ತಿ ಬಿಡಿಸಿದರು. ಹೆರಿಗೆ ಹೊತ್ತಿನಲ್ಲಿ ಎದೆಬಡಿತ ನೋಡುತ್ತಾ ಇರುವುದು ಇದಕ್ಕೂ ಸೇರಿಯೇ.

ತುಪ್ಪ ಕುಡಿದ್ರೆ, ನೆಲ ಒರೆಸಿದ್ರೆ ನಾರ್ಮಲ್ ಆಗುತ್ತಂತೆ?

ತುಪ್ಪ ಹೊಟ್ಟೆಗೆ ಹೋಗುತ್ತದೆ, ಹೆರಿಗೆ ದಾರಿಗೆ ಹೋಗುವುದಿಲ್ಲ. ಊಟಕ್ಕೆ ಒಂದು ಚಮಚ ಸಾಕು. ದಿನಾ ಅರ್ಧ ಗಂಟೆ ನಡೆಯುವುದು, ಡಾಕ್ಟರ ಒಪ್ಪಿಗೆ ಇದ್ದರೆ ಕೂತು ಏಳುವ ಸಣ್ಣ ವ್ಯಾಯಾಮ, ಕಬ್ಬಿಣದ ಮಾತ್ರೆ ತಪ್ಪದೇ ತಗೊಳ್ಳುವುದು, ಇವು ಮೈಗೆ ಶಕ್ತಿ ಕೊಡುತ್ತವೆ. ಇಷ್ಟೆಲ್ಲ ಮಾಡಿಯೂ ಸಿಸೇರಿಯನ್ ಆಗಬಹುದು.

ಸಿಸೇರಿಯನ್ ಆದರೆ?

ಆಗಲಿ. ನನ್ನ ಅಕ್ಕನಿಗೆ 14 ಗಂಟೆ ನೋವು ತಿಂದ ಮೇಲೆ ಮಗುವಿನ ಎದೆಬಡಿತ ಇಳಿಯಿತು, ಅರ್ಧ ಗಂಟೆಯಲ್ಲಿ ಆಪರೇಷನ್ ಮಾಡಿ ಮಗುವನ್ನು ಉಳಿಸಿಕೊಟ್ಟರು. ನೋಡೋಕೆ ಬಂದವರು ಅವಳಿಗೆ "ಅಯ್ಯೋ, ನಾರ್ಮಲ್ ಆಗ್ಲಿಲ್ವಾ" ಅಂದರು, ನನಗೆ "ಗಟ್ಟಿಗಿತ್ತಿ" ಅಂದರು. ಆ ಮಾತು ಕೇಳಿ ನನಗೆ ನಾಚಿಕೆಯಾಯಿತು. ನಾನು ಅವಳಿಗಿಂತ ಏನೂ ಜಾಸ್ತಿ ಮಾಡಿಲ್ಲ. ನನ್ನ ಮಗಳ ತಲೆ ಸರಿಯಾದ ಕಡೆ ತಿರುಗಿತ್ತು, ಅವಳ ಎದೆಬಡಿತ ಚೆನ್ನಾಗಿತ್ತು, ಅಷ್ಟೇ. ದಯವಿಟ್ಟು ಬಾಣಂತಿ ನೋಡೋಕೆ ಹೋದಾಗ ಈ ಪ್ರಶ್ನೆ ಕೇಳಬೇಡಿ.

ಮಗುವಿಗೆ ಮೊದಲು ಜೇನುತುಪ್ಪ ನೆಕ್ಕಿಸಬೇಕಾ?

ಬೇಡ. ಒಂದು ವರ್ಷದ ತನಕ ಜೇನುತುಪ್ಪ ಬೇಡವೇ ಬೇಡ, ಅದರಲ್ಲಿರಬಹುದಾದ ಒಂದು ರೋಗಾಣು ಎಳೆ ಮಕ್ಕಳಿಗೆ ಅಪಾಯ. ಸಕ್ಕರೆ ನೀರು, ಬಜೆ ಯಾವುದೂ ಬೇಡ. ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು. ಮೊದಲು ಬರುವ ಹಳದಿ ಗಿಣ್ಣು ಹಾಲನ್ನು ಕೆಟ್ಟ ಹಾಲು ಅಂತ ಹಿಂಡಿ ಚೆಲ್ಲುವವರು ಈಗಲೂ ಇದ್ದಾರೆ. ಚೆಲ್ಲಬೇಡಿ. ಕಾಯಿಲೆ ತಡೆಯುವ ಶಕ್ತಿ ಇರುವುದೇ ಅದರಲ್ಲಿ. ಮೊದಲ ಎರಡು ದಿನ ಹಾಲು ಚಮಚದಷ್ಟೇ ಬರುತ್ತದೆ, ಮಗುವಿನ ಹೊಟ್ಟೆಗೆ ಅಷ್ಟು ಸಾಕು.

ಬಾಣಂತನದಲ್ಲಿ ಯಾವುದು ಪಾಲಿಸಬೇಕು, ಯಾವುದು ಬಿಡಬೇಕು?

ನಮ್ಮಜ್ಜಿಯ ಬಾಣಂತನ ನನಗೆ ಬಹಳ ಇಷ್ಟವಾಯಿತು. ಎಣ್ಣೆ ಹಚ್ಚಿ ಹಂಡೆ ನೀರಿನ ಸ್ನಾನ, ಮೆಣಸಿನ ಸಾರು, ಬೆಳ್ಳುಳ್ಳಿ, ಸಬ್ಬಸಿಗೆ ಸೊಪ್ಪು, ಅಂಟಿನುಂಡೆ. ಎಲ್ಲಕ್ಕಿಂತ ಹೆಚ್ಚಾಗಿ ಮೂರು ತಿಂಗಳು ಯಾರೂ ನನಗೆ ಕೆಲಸ ಹೇಳಲಿಲ್ಲ. ಅಜ್ಜಿಯ ಒಂದು ಮಾತನ್ನು ಮಾತ್ರ ನಾನು ಕೇಳಲಿಲ್ಲ: ನೀರು ಕಡಿಮೆ ಕುಡಿ ಅನ್ನುವುದು. ಹಾಲು ಕುಡಿಸುವವಳಿಗೆ ನೀರು ಜಾಸ್ತಿಯೇ ಬೇಕು. ಬಿಸಿನೀರು ಕುಡಿದೆ, ಅಜ್ಜಿಗೂ ಸಮಾಧಾನ ಆಯಿತು. ಬಾಗಿಲು ಕಿಟಕಿ ಮುಚ್ಚಿ ಕೆಂಡದ ಹೊಗೆ ಹಾಕುವುದನ್ನೂ ಮಗುವಿನ ಉಸಿರಿಗೆ ತೊಂದರೆ ಅಂತ ನಿಲ್ಲಿಸಿದೆವು.

ಒಂದು ಗಂಟೆಯಲ್ಲಿ ಪ್ಯಾಡ್ ಪೂರ್ತಿ ನೆನೆದರೆ, ಜ್ವರ ಬಂದರೆ, ಒಂದು ಕಾಲು ಮಾತ್ರ ಊದಿ ನೋವಾದರೆ ಬಾಣಂತಿ ಹೊರಗೆ ಹೋಗಬಾರದು ಅಂತ ಕೂರಬೇಡಿ. ಆಸ್ಪತ್ರೆಗೆ ಹೋಗಿ.

ಹೆರಿಗೆಯಾದ ಮೇಲೆ ಸುಮ್ಮಸುಮ್ಮನೆ ಅಳು ಬರುತ್ತೆ. ಯಾಕೆ?

ನನಗೆ ನಾಲ್ಕನೇ ದಿನ ಶುರುವಾಯಿತು. ಮಗು ಚೆನ್ನಾಗಿದೆ, ಎಲ್ಲರೂ ನೋಡಿಕೊಳ್ಳುತ್ತಿದ್ದಾರೆ, ಆದರೂ ಸಾಯಂಕಾಲವಾದರೆ ಅಳು. ಇದು ಬಹಳ ಜನಕ್ಕೆ ಬರುತ್ತದೆ, ಎರಡು ವಾರದಲ್ಲಿ ಹೋಗುತ್ತದೆ. ಹೋಗದಿದ್ದರೆ, ಮಗುವನ್ನು ಎತ್ತಿಕೊಳ್ಳೋಕೂ ಮನಸ್ಸಾಗದಿದ್ದರೆ, ಸಾಯಬೇಕು ಅನಿಸಿದರೆ ಅದು ಕಾಯಿಲೆ, ಔಷಧಿ ಇದೆ. 14416ಕ್ಕೆ ಫೋನ್ ಮಾಡಿದರೆ ಟೆಲಿ ಮಾನಸ್‌ನವರು ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಬ್ಯಾಗಿನಲ್ಲಿ ಏನೇನು ಇಟ್ಟುಕೊಳ್ಳಬೇಕು?

ತಾಯಿ ಕಾರ್ಡ್, ಸ್ಕ್ಯಾನಿಂಗ್ ರಿಪೋರ್ಟು, ಆಧಾರ್. ಮುಂದೆ ಗುಂಡಿ ಇರುವ ನೈಟಿ ಮೂರು, ದೊಡ್ಡ ಪ್ಯಾಡು, ಸ್ವೆಟರ್, ಕಾಲುಚೀಲ, ಫ್ಲಾಸ್ಕು, ಫೋನ್ ಚಾರ್ಜರ್. ಮಗುವಿಗೆ ಒಗೆದು ಬಿಸಿಲಿಗೆ ಒಣಗಿಸಿದ ಹಳೇ ಕಾಟನ್ ಸೀರೆ ತುಂಡುಗಳು, ಕುಲಾವಿ. ಮಳೆಗಾಲವಾದರೆ ಬಟ್ಟೆ ಒಣಗುವುದಿಲ್ಲ, ತುಂಡುಗಳು ಇಪ್ಪತ್ತಾದರೂ ಇರಲಿ. ನಮ್ಮಮ್ಮ ಅವರ ಮದುವೆಯಲ್ಲಿ ಬಂದ ಒಂದು ಹಸಿರು ನೂಲಿನ ಸೀರೆಯನ್ನು ಹರಿದು ತಂದಿದ್ದರು. ನನ್ನನ್ನೂ ಅಕ್ಕನನ್ನೂ ಸುತ್ತಿದ್ದು ಅದರದ್ದೇ ಇನ್ನೊಂದು ಅರ್ಧದಲ್ಲಂತೆ. ಮಗಳನ್ನು ಮೊದಲು ಸುತ್ತಿದ್ದು ಆ ತುಂಡಿನಲ್ಲೇ.